ಓದುಗರ ಪ್ರಶ್ನೆ: ಬ್ರಾಯ್ಲರ್ ಆಹಾರದಲ್ಲಿ ಸಜ್ಜೆ, ನುಚ್ಚಕ್ಕಿ, ಶೇಂಗಾ ಹಿಂಡಿ

ಪ್ರಶ್ನೆ: ಯಾವ ಕಂಪನಿಯ ಒಪ್ಪಂದವೂ ಇಲ್ಲದೆ ಸ್ವಂತ ಶೆಡ್ಡಿನಲ್ಲಿ ಎರಡು ಸಾವಿರ ಬ್ರಾಯ್ಲರ್ ಕೋಳಿ ಸಾಕುತ್ತಿದ್ದೇನೆ. ಆಹಾರವನ್ನೂ ನಾನೇ ತಯಾರಿಸುತ್ತೇನೆ. ಮೆಕ್ಕೆಜೋಳ, ಸೋಯಾ ಹಿಂಡಿಗಳ ಬೆಲೆ ಹೊರಲಾರದಂತಾಗಿದೆ. ನಮ್ಮ ಕಡೆ ಸುಲಭವಾಗಿ ಸಿಗುವ ಸಜ್ಜೆ, ನುಚ್ಚಕ್ಕಿ, ಶೇಂಗಾ ಹಿಂಡಿಗಳನ್ನು ಎಷ್ಟರಮಟ್ಟಿಗೆ ಬಳಸಬಹುದು? ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸಸ್ಯ ಅಜೋಲ್ಲಾವನ್ನು ಬೆಳೆಸಿದರೆ ಪ್ರಯೋಜನವಿದೆಯೇ?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಒಪ್ಪಂದದಲ್ಲಿ ಸಾಕುವವರು ಕಂಪನಿ ಕೊಟ್ಟ ಆಹಾರವನ್ನೇ ಹಾಕಬೇಕಾದುದರಿಂದ ಈ ಪ್ರಶ್ನೆಗೆ ಅರ್ಥವಿರುವುದು ನಿಮ್ಮಂತಹ ಸ್ವತಂತ್ರ ಸಾಕಣೆದಾರರಿಗೆ ಮಾತ್ರ. ಎಥೆನಾಲ್ ತಯಾರಿಕೆಗೂ ಮೆಕ್ಕೆಜೋಳ ಹೋಗತೊಡಗಿದ ಮೇಲೆ ಬದಲಿ ಧಾನ್ಯದ ಯೋಚನೆ ಅನಿವಾರ್ಯವೂ ಆಗಿದೆ. ಆದರೆ ಒಂದು ಕಿಲೋ ತೆಗೆದು ಇನ್ನೊಂದು ಕಿಲೋ ಸುರಿಯುವ ಕ್ರಮ ಬ್ರಾಯ್ಲರ್‌ಗೆ ಒಗ್ಗುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಎಳೆಯ ಮರಿಗಳ ಆಹಾರದಲ್ಲಿ ಶೇ 23, ನಂತರ ಶೇ 22, ಕೊನೆಯ ಹಂತದಲ್ಲಿ ಶೇ 20ರಷ್ಟು ಪ್ರೋಟೀನ್ ಇರಬೇಕು. ಶಕ್ತಿಯ ಪ್ರಮಾಣ ಮಾತ್ರ ಕಿಲೋಗೆ 3000ದಿಂದ 3200 ಕಿಲೋಕ್ಯಾಲರಿಗೆ ಏರುತ್ತ ಹೋಗಬೇಕು. ಆದ್ದರಿಂದ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಕಡಿಮೆಯಿರುವ ಹಿಂಡಿ ಮರಿಗಳಿಗೆ ಸಲ್ಲದು, ಶಕ್ತಿ ಕಡಿಮೆಯಿರುವ ಧಾನ್ಯ ಅಥವಾ ತೌಡು ಮಾರಾಟಕ್ಕೆ ಬಂದ ಕೋಳಿಗೆ ಸಾಲದು.

ನೀವು ಹೆಸರಿಸಿದವುಗಳಲ್ಲಿ ನನಗೆ ಹೆಚ್ಚು ಭರವಸೆಯಿರುವುದು ಸಜ್ಜೆಯ ಮೇಲೆ. ಮೆಕ್ಕೆಜೋಳದಲ್ಲಿ ಸುಮಾರು ಶೇ 9ರಷ್ಟು ಪ್ರೋಟೀನ್ ಇದ್ದರೆ ಸಜ್ಜೆಯಲ್ಲಿ ಶೇ 11ರ ಆಸುಪಾಸಿನಲ್ಲಿರುತ್ತದೆ, ಲೈಸಿನ್ ಎಂಬ ಅಮೈನೋ ಆಮ್ಲ ಕೂಡ ತುಸು ಹೆಚ್ಚು. ಮೆಕ್ಕೆಜೋಳದ ಅರ್ಧದಷ್ಟು ಭಾಗವನ್ನು ಸಜ್ಜೆಯಿಂದ ತುಂಬಿಸಬಹುದು. ಆಗ ಸೋಯಾ ಹಿಂಡಿ ಸ್ವಲ್ಪ ಉಳಿಯುತ್ತದೆ, ಆದರೆ ಶಕ್ತಿಯ ಕೊರತೆ ನೀಗಲು ಎಣ್ಣೆ ಸೇರಿಸಬೇಕಾಗುತ್ತದೆ. ಎಣ್ಣೆಯಂಶ ಹೆಚ್ಚಿರುವ ಕಾರಣ ಸಜ್ಜೆಯ ಹಿಟ್ಟು ಬೇಗ ಕಮಟುತ್ತದೆ. ತಿಂಗಳಿಗಾಗುವಷ್ಟನ್ನು ಒಮ್ಮೆಲೇ ಬೀಸಿಡದೆ ವಾರಕ್ಕೆ ಬೇಕಾದಷ್ಟನ್ನೇ ಬೀಸಿಕೊಳ್ಳಿ.

ಗಂಗಾವತಿಯ ಅಕ್ಕಿ ಗಿರಣಿಗಳು ಹತ್ತಿರವಿರುವ ನಿಮಗೆ ನುಚ್ಚಕ್ಕಿಯೂ ಅನುಕೂಲವೇ. ಅದರ ಶಕ್ತಿ ಮೆಕ್ಕೆಜೋಳಕ್ಕೆ ಸಮೀಪವಿದೆ, ನಾರು ಕಡಿಮೆ. ಸಜ್ಜೆಯಲ್ಲಾಗಲಿ ನುಚ್ಚಿನಲ್ಲಾಗಲಿ ಮೆಕ್ಕೆಜೋಳದ ಹಳದಿ ವರ್ಣಾಂಶವಿಲ್ಲದ್ದರಿಂದ ಕೋಳಿಯ ಕಾಲು, ಚರ್ಮ ಬಿಳಿಚಿಕೊಳ್ಳುತ್ತವೆ. ಅದು ರೋಗವಲ್ಲವೆಂದು ವ್ಯಾಪಾರಿಗೆ ಮೊದಲೇ ತಿಳಿಸಿಬಿಡಿ, ಇಲ್ಲವಾದರೆ ದರ ಇಳಿಸಲು ಅದೇ ನೆಪವಾಗುತ್ತದೆ.

ಶೇಂಗಾ ಹಿಂಡಿಯ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ. ಪ್ರೋಟೀನ್ ಶೇ 40ಕ್ಕೂ ಹೆಚ್ಚಿದ್ದರೂ ಲೈಸಿನ್ ಸೋಯಾದಲ್ಲಿರುವುದರ ಅರ್ಧಕ್ಕಿಂತ ತುಸುವೇ ಹೆಚ್ಚು. ಆ ಕೊರತೆಯನ್ನು ಅಂಗಡಿಯಲ್ಲಿ ಸಿಗುವ ಲೈಸಿನ್, ಮಿಥಿಯೋನಿನ್‌ಗಳಿಂದ ತುಂಬಬಹುದು; ತುಂಬಲಾಗದ ದೋಷವೆಂದರೆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತ ಹೋದವರು ಕೊನೆಗೆ ತಲುಪಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯನ್ನು. ಈ ವಿಷ ಪತ್ತೆಯಾದದ್ದೇ ಹಾಗೆ. ಬಿಸಿಲಿಗೆ ಒಣಗಿಸಿದರೂ ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಕೋಳಿಗಳು ಸಾಯದಿದ್ದರೂ ಲಿವರ್ ಕೆಟ್ಟು ತೂಕ ಕುಂಠಿತವಾಗುತ್ತದೆ, ಹಾಕಿಸಿದ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಮೊದಲ ಮೂರು ವಾರ ಶೇಂಗಾ ಹಿಂಡಿ ಬೇಡವೇ ಬೇಡ. ಆಮೇಲೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮಾಲು ಸಿಕ್ಕರೆ ಮಾತ್ರ, ಅದೂ ಸೋಯಾದ ಸ್ವಲ್ಪ ಭಾಗಕ್ಕೆ ಬದಲಾಗಿ ಬಳಸಿ. ವಿಷವನ್ನು ಹಿಡಿದಿಡಲು ಆಹಾರಕ್ಕೆ ಬೆರೆಸುವ ಟಾಕ್ಸಿನ್ ಬೈಂಡರ್ ಹಾಕಿದ್ದೇವೆಂದು ಬೂಷ್ಟು ಹಿಡಿದ ಹಿಂಡಿಯನ್ನು ಕೊಳ್ಳುವ ರೂಢಿ ಅಪಾಯಕಾರಿ. ಸರಿಯಾಗಿ ಒಣಗದ ಮೆಕ್ಕೆಜೋಳಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಅಜೋಲ್ಲಾದಲ್ಲಿ ಶೇ 90ಕ್ಕೂ ಹೆಚ್ಚು ನೀರಿರುವುದರಿಂದ ಒಂದು ಕಿಲೋ ಹಸಿ ಅಜೋಲ್ಲಾದಿಂದ ದೊರೆಯುವ ಪ್ರೋಟೀನ್ ಸುಮಾರು 15 ಗ್ರಾಂ ಅಷ್ಟೇ. ಹಿತ್ತಿಲಿನ ಗಿರಿರಾಜ ಕೋಳಿಗೆ ಅದು ಒಳ್ಳೆಯ ಮೇವು. ಐದನೆಯ ವಾರದಲ್ಲಿ ದಿನಕ್ಕೆ 300 ಕಿಲೋ ಆಹಾರ ತಿನ್ನುವ ನಿಮ್ಮ ಎರಡು ಸಾವಿರ ಬ್ರಾಯ್ಲರ್‌ಗಳಿಗೆ ಲೆಕ್ಕಕ್ಕೇ ಬಾರದು.

ಹೊಸ ಮಿಶ್ರಣವನ್ನು ಮೊದಲು ನೂರು ಕೋಳಿಗಳಿಗೆ ಪ್ರತ್ಯೇಕವಾಗಿ ಕೊಟ್ಟು, ತಿಂದ ಆಹಾರವನ್ನೂ ಬಂದ ತೂಕವನ್ನೂ ಬರೆದಿಡಿ. ಕಿಲೋಗೆ 40 ರೂಪಾಯಿಯ ಆಹಾರವನ್ನು 1.6 ಕಿಲೋ ತಿಂದು ಕೋಳಿ ಒಂದು ಕಿಲೋ ತೂಗಿದರೆ ಖರ್ಚು 64 ರೂಪಾಯಿ. 38 ರೂಪಾಯಿಯ ಅಗ್ಗದ ಆಹಾರವನ್ನು 1.75 ಕಿಲೋ ತಿಂದು ಅಷ್ಟೇ ತೂಗಿದರೆ 66 ರೂಪಾಯಿ 50 ಪೈಸೆ.