ಟಿಕ್ ಟಿಕ್ ಎನ್ನುವ ಪರ್ಜ್ ವಾಲ್ವ್

ಪ್ರಶ್ನೆ: ಎಂಜಿನ್ ಐಡಲ್‌ನಲ್ಲಿದ್ದಾಗ ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಪರ್ಜ್ ವಾಲ್ವ್ ಅಂತಾರೆ. ಈ ಸದ್ದು, ಸವೆತ ಕಡಿಮೆ ಮಾಡಬಹುದಾ?

ಉತ್ತರ: ಮೆಲ್ಲಗಿನ ಟಿಕ್ ಸದ್ದು ಸಹಜ, ಗಾಬರಿ ಬೇಡ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇದ್ದಿಲು ತುಂಬಿದ ಡಬ್ಬಿ ಹಿಡಿದಿಡುತ್ತದೆ. ಅದನ್ನು ಅಳೆದು ಎಂಜಿನ್‌ಗೆ ಬಿಡುವುದು ಈ ವಾಲ್ವ್. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಇದರ ತಂತಿ ಸುರುಳಿಗೆ (ಕಾಯಿಲ್) ಸೆಕೆಂಡಿಗೆ ಹಲವು ಸಲ ಕರೆಂಟ್ ಕೊಟ್ಟು ನಿಲ್ಲಿಸುತ್ತದೆ, ಪ್ರತಿ ಸಲವೂ ಒಳಗಿನ ಪ್ಲಂಜರ್ (ಹಿಂದೆ ಮುಂದೆ ಓಡಾಡುವ ಪುಟ್ಟ ಲೋಹದ ತುಂಡು) ಎದ್ದು ಒಂದು ತುದಿಗೆ, ಸ್ಪ್ರಿಂಗ್ ತಳ್ಳಿದಾಗ ಇನ್ನೊಂದು ತುದಿಗೆ ಬಡಿಯುತ್ತದೆ. ಸದ್ದೂ ಅದರದೇ, ಸವೆತವೂ ಬಹುಪಾಲು ಅದರದೇ. ಹಾಗಾಗಿ ತಯಾರಕರು ಬಡಿಯುವ ಜಾಗಕ್ಕೆ ರಬ್ಬರ್ ಕೊಡುತ್ತಾರೆ, ಪ್ಲಂಜರ್ ಓಡಾಡುವ ದೂರ ಕಡಿಮೆ ಇಡುತ್ತಾರೆ. ಆದರೆ ದೂರ ತೀರಾ ಕಡಿಮೆಯಾದರೆ ಆವಿ ಸಾಕಷ್ಟು ಹರಿಯಲ್ಲ, ಅಲ್ವಾ? ಕಷ್ಟ ಇರುವುದೇ ಅಲ್ಲಿ.

ನೀವು ಮೊದಲು ವಾಲ್ವ್ ಕೂರಿಸಿದ ರಬ್ಬರ್ ನೋಡಿ. ಅದು ಗಟ್ಟಿಯಾಗಿದ್ದರೆ ಸದ್ದು ಬಾಡಿಗೆ ಹರಡಿ ಜಾಸ್ತಿ ಕೇಳುತ್ತದೆ. ಬಂಕ್‌ನಲ್ಲಿ ಪಂಪ್ ತಾನಾಗಿ ನಿಂತ ಮೇಲೂ ಪೆಟ್ರೋಲ್ ತುಂಬಿಸಬೇಡಿ. ಅದು ಡಬ್ಬಿಗೆ ಹೋದರೆ ಇದ್ದಿಲು ಹಾಳಾಗಿ, ಅದರ ಪುಡಿ ವಾಲ್ವ್ ಒಳಗೆ ಸೇರಿ ಸೀಟ್, ಅಂದರೆ ವಾಲ್ವ್ ಮುಚ್ಚಿ ಕೂರುವ ಜಾಗ, ಸವೆಸುತ್ತದೆ. ಎಂಜಿನ್ ತಣ್ಣಗಿದ್ದಾಗ ವಾಲ್ವ್ ಬಿಚ್ಚಿಸಿ, ಕರೆಂಟ್ ಇಲ್ಲದೆ ಗಾಳಿ ಹಾಯಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಗಾಳಿ ದಾಟಿದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ, ಬದಲಾಯಿಸಿ.