‘ಹಾಜರಾತಿ ನಾನು ನೋಡಿಕೊಳ್ಳುತ್ತೇನೆ’ ಎಂದಿದ್ದರು ಸರ್

ಕ್ಯಾಂಪಿಗಾಗಿ ಮೂರು ವಾರ ತರಗತಿ ಬಿಡಿ, ಹಾಜರಾತಿ ನಾನು ನೋಡಿಕೊಳ್ಳುತ್ತೇನೆ ಎಂದು ಕೋಚ್ ಹೇಳಿದ್ದಾರೆ, ನಂಬಬಹುದೇ ಎಂದು ಕೇಳಿದ್ದೀರಿ. ಓದಿ ಹೊಟ್ಟೆಯಲ್ಲಿ ಕಲಸಿದಂತಾಯಿತು. ಬಿ.ಕಾಂ. ಐದನೇ ಸೆಮಿಸ್ಟರಿನಲ್ಲಿ ಇದೇ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ.

ನಾನು ಟಿ. ನರಸೀಪುರದ ಕಡೆಯವಳು. ನಮ್ಮಲ್ಲಿ ಹೆಣ್ಣುಮಕ್ಕಳು ಖೋ ಖೋ ಆಡುವುದು ಯಾರಿಗೂ ಸೋಜಿಗವಲ್ಲ. ಆ ಆಟದಿಂದಲೇ ನನಗೆ ಕ್ರೀಡಾ ಕೋಟಾದಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ಲಿನಲ್ಲಿ ಊಟ ಉಚಿತವಾಯಿತು. ಎರಡೂ ಪಿ.ಡಿ. ಸರ್, ಅಂದರೆ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ಆಡಿದ ಒಂದು ಮಾತಿನ ಮೇಲೆ ನಿಂತಿದ್ದವು. ಅವರನ್ನು ಕೆಟ್ಟವರೆನ್ನಲಾರೆ. ಸ್ವಂತ ದುಡ್ಡಿನಲ್ಲಿ ಮೊಟ್ಟೆ, ಬಾಳೆಹಣ್ಣು ತರುತ್ತಿದ್ದರು. ಎದುರಾಳಿಯನ್ನು ಮುಟ್ಟಲು ಕಂಬದ ಬಳಿ ನೆಗೆದು ಬೀಳುವ ಪೋಲ್ ಡೈವ್ ಹೊಡೆದು ಯಾರಾದರೂ ಮೊಣಕೈ ತರಚಿಕೊಂಡರೆ ಡೆಟ್ಟಾಲ್ ಬಾಟಲಿ ಹಿಡಿದು ಓಡಿಬರುತ್ತಿದ್ದರು. ಟೂರ್ನಿ ಮುಗಿಸಿ ರಾತ್ರಿ ತಡವಾಗಿ ಬಂದರೆ ಒಬ್ಬೊಬ್ಬರ ಮನೆಗೂ ತಾವೇ ಫೋನ್ ಮಾಡುತ್ತಿದ್ದರು.

ಆ ಸೆಮಿಸ್ಟರಿನಲ್ಲಿ 90 ದಿನ ತರಗತಿ ನಡೆಯಿತು. ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿಗೆಂದು 18 ದಿನ ಕ್ಯಾಂಪ್, ಪ್ರಯಾಣ ಸೇರಿ ಟೂರ್ನಿಗೆ 6 ದಿನ. ನಡುವೆ ಜ್ವರಕ್ಕೆ ಮೂರು, ಊರ ಹಬ್ಬಕ್ಕೆ ಎರಡು. ಒಟ್ಟು 29 ದಿನ ನಾನು ತರಗತಿಯಲ್ಲಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಕ್ಯಾಂಪಿನ ಎರಡನೇ ದಿನ ಸರ್ ಕೋಣೆಯಲ್ಲಿ, ಕ್ಯಾಂಪಿನ ದಿನಗಳಿಗೆ ನಮಗೆ ಹಾಜರಾತಿ ಕೊಡಿ ಎಂದು ಕಚೇರಿಗೆ ಕಳಿಸಬೇಕಿದ್ದ ಪತ್ರವನ್ನು ನಾನು ಕಣ್ಣಾರೆ ಕಂಡಿದ್ದೆ. ಹನ್ನೆರಡು ಹೆಸರು ಟೈಪಾಗಿದ್ದವು, ನನ್ನದು ಏಳನೆಯದು, ಇನಿಷಿಯಲ್ ತಪ್ಪಾಗಿತ್ತು. ಅದನ್ನು ತೋರಿಸಿದೆ, ಅವರು ಪೆನ್ನಿನಲ್ಲಿ ತಿದ್ದಿ ‘ಸಹಿ ಮಾಡಿಸಿ ಕಳಿಸುತ್ತೇನಮ್ಮ, ಹೋಗು’ ಎಂದರು. ನಾನು ಹೋದೆ. ಟೈಪಾದ ಪತ್ರವೂ ಕಚೇರಿಗೆ ತಲುಪಿದ ಪತ್ರವೂ ಒಂದೇ ಎಂದುಕೊಂಡೆ. ಪ್ರಾಂಶುಪಾಲರ ಸಹಿ ಬಿತ್ತೇ ಎಂದು ಕೇಳಲಿಲ್ಲ, ಸ್ವೀಕೃತಿ ಮುದ್ರೆ ಒತ್ತಿದ ಪ್ರತಿ ಬೇಕೆನ್ನಲಿಲ್ಲ. ಕೇಳಿದರೆ ನಂಬಿಕೆಯಿಲ್ಲ ಎಂದಂತಾಗುತ್ತದಲ್ಲ ಎಂಬ ಸಂಕೋಚ. ಅದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿದೆ: ಟೂರ್ನಿಯ ಪ್ರಮಾಣಪತ್ರವೊಂದಿದ್ದರೆ ಕ್ಯಾಂಪಿನ ದಿನಗಳೂ ಅದರೊಳಗೆ ಸೇರಿಹೋಗುತ್ತವೆ ಎಂದುಕೊಂಡಿದ್ದೆ. ಸೇರುವುದಿಲ್ಲ. ಪ್ರಮಾಣಪತ್ರದಲ್ಲಿ ಟೂರ್ನಿಯ ತಾರೀಕುಗಳಷ್ಟೇ ಇರುತ್ತವೆ.

ಹಾಲ್ ಟಿಕೆಟ್ ಕೊಡುವ ದಿನ ಕಿಟಕಿಯಲ್ಲಿದ್ದ ಗುಮಾಸ್ತರು ಲೆಕ್ಕ ತೋರಿಸಿದರು. ಹಾಜರಿ 61. ಟೂರ್ನಿಯ 6 ದಿನ ಸೇರಿಸಿ 67. ಶೇಕಡ 75ಕ್ಕೆ 68 ಬೇಕು. ಒಂದು ದಿನ! ಹಬ್ಬಕ್ಕೆ ಊರಿನಲ್ಲಿ ಉಳಿದ ಎರಡನೇ ದಿನ ಅಮ್ಮ ಮಾಡಿದ ಒಬ್ಬಟ್ಟು ಆಗ ನೆನಪಾಯಿತು. ಸರ್ ಬಳಿ ಓಡಿದೆ. ಡ್ರಾಯರ್ ಎಳೆದರು. ಶಟಲ್ ಕಾಕ್ ಡಬ್ಬಿಯ ಕೆಳಗೆ ಪತ್ರವಿತ್ತು, ನನ್ನ ಇನಿಷಿಯಲ್ಲಿನ ನೀಲಿ ತಿದ್ದುಪಡಿ ಸಮೇತ. ಸಹಿಯ ಜಾಗ ಖಾಲಿ. ಹಿಂದಿನ ತಾರೀಕಿಗೆ ಸಹಿ ಹಾಕಲು ಪ್ರಾಂಶುಪಾಲರು ಒಪ್ಪಲಿಲ್ಲ. ಉಳಿದ ಹನ್ನೊಂದು ಮಂದಿ ಹೇಗೋ ದಾಟಿಕೊಂಡರು. ನಾನು ಮುಂದಿನ ವರ್ಷ ಅದೇ ಸೆಮಿಸ್ಟರಿಗೆ ಮತ್ತೆ ಕುಳಿತೆ. ಹಾಸ್ಟೆಲ್ ಹೋಯಿತು, ದಿನಾ ಊರಿನಿಂದ ಬಸ್ಸು. ತಂಡದಲ್ಲಿ ನನ್ನ ಜಾಗಕ್ಕೆ ಬೇರೆ ಹುಡುಗಿ ಬಂದಳು.

ಆದ್ದರಿಂದ ‘ನಂಬಬಹುದೇ’ ಎಂಬ ನಿಮ್ಮ ಪ್ರಶ್ನೆಯೇ ನನಗೆ ಸರಿಕಾಣುವುದಿಲ್ಲ. ನಾನು ನಂಬಿದ್ದ ಮನುಷ್ಯ ನಂಬಿಕೆಗೆ ಅರ್ಹರೇ ಆಗಿದ್ದರು, ಮರೆತರು ಅಷ್ಟೆ. ಕೋಚ್ ತಂದೆಯ ಹಾಗೆ ಇರಬೇಕು ಎಂದೆಲ್ಲ ಜನ ಹೇಳುತ್ತಾರೆ. ನನಗೆ ಮನೆಯಲ್ಲಿ ತಂದೆ ಇದ್ದರು. ಕಾಲೇಜಿನಲ್ಲಿ ಬೇಕಾಗಿದ್ದುದು ಕ್ಯಾಂಪ್ ಶುರುವಾಗುವ ಮುಂಚೆ ಪತ್ರಕ್ಕೆ ಸಹಿ ಮಾಡಿಸುವವರು. ಮೊಟ್ಟೆ, ಬಾಳೆಹಣ್ಣು ಆಮೇಲೆ.

ಆಟವೇ ಅನ್ನ ಹಾಕುತ್ತದೆ ಎನ್ನುವವರ ಮಾತಿಗೂ ಕಿವಿಗೊಡಬೇಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಎರಡೂ ತಂಡಗಳು ಗೆದ್ದವು. ಮಹಿಳಾ ತಂಡದಲ್ಲಿ ನಮ್ಮ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು, ಪುರುಷರ ತಂಡದಲ್ಲಿ ಕರ್ನಾಟಕದ ಗೌತಮ್. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಘೋಷಿಸಿದರೆ ನಮ್ಮ ಸರ್ಕಾರ ಘೋಷಿಸಿದ್ದು ತಲಾ 5 ಲಕ್ಷ. ಇಬ್ಬರೂ ಅದು ಬೇಡವೆಂದರು. ವಿಶ್ವಕಪ್ ತಂದವರ ಕಥೆಯೇ ಇದಾದರೆ, ದಕ್ಷಿಣ ವಲಯದ ಎರಡನೇ ಸುತ್ತಿನಲ್ಲಿ ಸೋತು ಬಂದ ನನಗೆ ಆ ಪದವಿ ಬಿಟ್ಟು ಇನ್ನೇನಿತ್ತು?

ಕ್ಯಾಂಪ್ ಬಿಡಬೇಡಿ. ತಂಡದವರೆಲ್ಲ ಒಟ್ಟಿಗೆ ಹೋಗಿ ಕೇಳಿ, ಒಬ್ಬರೇ ಹೋದರೆ ಕೋಚ್ ಮುಖ ಕೆಡಿಸಿಕೊಳ್ಳುವುದು ನಿಮ್ಮೊಬ್ಬರ ಮೇಲೆಯೇ. ಪತ್ರದಲ್ಲಿ ಕ್ಯಾಂಪಿನ ಮೊದಲ ದಿನದಿಂದ ಟೂರ್ನಿ ಮುಗಿಸಿ ಮರಳುವ ದಿನದವರೆಗೆ ತಾರೀಕು ಇರಲಿ, ಎಲ್ಲರ ನೋಂದಣಿ ಸಂಖ್ಯೆ ಇರಲಿ. ಹೆಸರಿನ ಇನಿಷಿಯಲ್ ಕೂಡ ಒಮ್ಮೆ ನೋಡಿಬಿಡಿ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮುದ್ರೆ ಒತ್ತುವವರು ಸಿಗುವುದಿಲ್ಲ, ಬೆಳಗಿನ ಅಭ್ಯಾಸ ಮುಗಿಸಿ ಟ್ರ್ಯಾಕ್ ಸೂಟಿನಲ್ಲೇ ನೇರ ಕಿಟಕಿಗೆ ಹೋಗಿ.