ವಕೀಲ, ಮಂತ್ರಿ, ಆಮೇಲೆ ಕಂಪನಿ

ನಮಸ್ಕಾರ. ಜರ್ಮನಿಯ ಓಟ್ಟೊ ಶೀಲಿ ಬಗ್ಗೆ ನೀವು ಬರೆದ ಪತ್ರ ತಲುಪಿತು. ‘ಉಗ್ರರ ಪರ ವಾದಿಸಿದವರೇ ಗೃಹಮಂತ್ರಿಯಾದರು, ಆಮೇಲೆ ಕಂಪನಿ ಸೇರಿದರು. ಇಂಥವರಿಗೆ ತತ್ವ ಅಂತ ಏನಾದರೂ ಇರುತ್ತಾ?’ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ಸರಿ. ಆದರೆ ವಕೀಲಿಕೆಯನ್ನೂ ಅದರೊಳಗೆ ಸೇರಿಸಬೇಡಿ.

ಆರೋಪಿಯ ಪರ ವಾದಿಸಿದರೆ ಆರೋಪಿಯ ಕೆಲಸ ಒಪ್ಪಿದ ಹಾಗಲ್ಲ, ಅಲ್ವಾ? ರೆಡ್ ಆರ್ಮಿ ಫ್ಯಾಕ್ಷನ್ ಎಂಬ ಸಶಸ್ತ್ರ ಎಡಪಂಥೀಯ ಗುಂಪಿನ ಗುಡ್ರುನ್ ಎನ್ಸ್‌ಲಿನ್‌ಗೆ ಶೀಲಿ ವಕೀಲರಾಗಿದ್ದರು. ಆಕೆಯ ಗುಟ್ಟಿನ ಚೀಟಿಯನ್ನು ಜೈಲಿನಿಂದ ಸಾಗಿಸಿದರೆಂಬ ಅನುಮಾನದ ಮೇಲೆ 1972ರಲ್ಲಿ ಅವರನ್ನು ಕೇಸಿನಿಂದ ಹೊರಗೆ ಹಾಕಿದರು. ಹಾಗೆ ಹೊರಹಾಕಲು ಕಾನೂನಿನಲ್ಲಿ ಆಧಾರವೇ ಇಲ್ಲ ಎಂದು 1973ರಲ್ಲಿ ಸಂವಿಧಾನ ನ್ಯಾಯಾಲಯ ಹೇಳಿತು. 1977ರಲ್ಲಿ ಇನ್ನೊಂದು ವಿಷಯ ಬಯಲಾಯಿತು. ಸ್ಟಾಮ್‌ಹೈಮ್ ಜೈಲಿನಲ್ಲಿ ಕೈದಿಗಳು ತಮ್ಮ ವಕೀಲರ ಜೊತೆ ಆಡಿದ ಮಾತನ್ನು ಸರ್ಕಾರವೇ ಕದ್ದು ಕೇಳಿತ್ತು! ಶೀಲಿ ಇದನ್ನು ಜೋರಾಗಿಯೇ ಪ್ರತಿಭಟಿಸಿದರು.

1980ರಲ್ಲಿ ಗ್ರೀನ್ಸ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದರು, 1989ರಲ್ಲಿ ಅದನ್ನು ಬಿಟ್ಟು ಸೋಷಿಯಲ್ ಡೆಮಾಕ್ರಟ್ ಪಕ್ಷಕ್ಕೆ ಹೋದರು. ಪಕ್ಷಾಂತರ ನಮಗೇನು ಹೊಸದಲ್ಲ, ಬಿಡಿ.

ನನಗೆ ಚುಚ್ಚುವುದು 1998. ಮನೆಯೊಳಗೆ ಮೈಕ್ ಇಟ್ಟು ಮಾತು ಕೇಳಲು ಪೊಲೀಸರಿಗೆ ದಾರಿ ಮಾಡಿಕೊಟ್ಟ ಸಂವಿಧಾನ ತಿದ್ದುಪಡಿಗೆ ತಮ್ಮ ಪಕ್ಷದ ಪರವಾಗಿ ಮಾತುಕತೆ ನಡೆಸಿದವರು ಇದೇ ಶೀಲಿ. ಅದೇ ವರ್ಷ ಗೃಹಮಂತ್ರಿಯೂ ಆದರು. ಮುಂದೆ 2004ರಲ್ಲಿ, ಈ ಕದ್ದಾಲಿಕೆಯ ಕಾನೂನಿನ ಬಹುಪಾಲು ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪು ಬಂತು. ಕೊಟ್ಟಿದ್ದು, ಹಿಂದೆ ಅವರ ಕೈ ಹಿಡಿದಿದ್ದ ಅದೇ ಕೋರ್ಟು.

ಇನ್ನು ಕಂಪನಿ ವಿಷಯ. 2005ರ ನವೆಂಬರ್ 1ರಿಂದ ಜರ್ಮನ್ ಪಾಸ್‌ಪೋರ್ಟಿನಲ್ಲಿ ಮುಖದ ಚಿತ್ರವಿರುವ ಚಿಪ್ ಬಂತು. ಅದಕ್ಕಾಗಿ ಪಟ್ಟುಹಿಡಿದವರು ಶೀಲಿ. ಶುಲ್ಕ 26 ಯೂರೋದಿಂದ 59ಕ್ಕೆ ಏರಿತು. ಅದೇ ತಿಂಗಳು ಮಂತ್ರಿಗಿರಿ ಮುಗಿಯಿತು. ಮರುವರ್ಷ ಅವರು ಬಯೋಮೆಟ್ರಿಕ್ ಕ್ಷೇತ್ರದ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕೂತಿದ್ದರು, ಸಂಸದರಾಗಿದ್ದುಕೊಂಡೇ.

ಕಾನೂನು ಮುರಿದರು ಅಂತ ನಾನು ಹೇಳುತ್ತಿಲ್ಲ. ಮುರಿಯಲು ಅಂಥ ಕಾನೂನೇ ಆಗ ಇರಲಿಲ್ಲ. ಅದು ಬಂದದ್ದು 2015ರಲ್ಲಿ. ಈಗ ಅಧಿಕಾರ ಬಿಟ್ಟ ಮಂತ್ರಿ ಖಾಸಗಿ ಕೆಲಸ ಹಿಡಿಯುವ ಮೊದಲು ಸರ್ಕಾರಕ್ಕೆ ತಿಳಿಸಬೇಕು. ಹಿತಾಸಕ್ತಿಯ ಗೊಂದಲ ಕಂಡರೆ ಸಾಮಾನ್ಯವಾಗಿ ಒಂದು ವರ್ಷದವರೆಗೆ, ತೀರಾ ಗಂಭೀರವಾದರೆ 18 ತಿಂಗಳವರೆಗೆ ಸರ್ಕಾರ ತಡೆಯಬಹುದು. ನನ್ನನ್ನು ಕೇಳಿದರೆ ಇದೂ ಕಡಿಮೆಯೇ. ಮಂತ್ರಿಯ ಫೋನಿನಲ್ಲಿರುವ ನಂಬರುಗಳು 18 ತಿಂಗಳಿಗೆಲ್ಲ ಹಳತಾಗುವುದಿಲ್ಲ.

— ಸಂಪಾದಕ